ಕತ್ತಾಳೆ ಬೆಂಡು ಒಲೆಗೆ ಹೋದ ಬೇಸಿಗೆ

ಆಗೆಲ್ಲ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಒಳಗಿನಿಂದ ಹೊರಗೆ ಬರುತ್ತಿದ್ದೆವು. ಒಲೆ ಅಂಗಳಕ್ಕೆ ಬರುತ್ತಿತ್ತು, ಹಾಸಿಗೆ ಮಾಳಿಗೆ ಏರುತ್ತಿತ್ತು, ಕುಡಿಯುವ ನೀರಿನ ಮಡಕೆ ಬೇವಿನ ಮರದ ಕೆಳಗೆ ಮರಳಿನ ಗುಪ್ಪೆಯ ಮೇಲೆ ಕೂರುತ್ತಿತ್ತು. ಈಗ ಬೇಸಿಗೆ ಬಂದರೆ ಹೊರಗಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆ, ತಣ್ಣನೆಯ ಗಾಳಿ ಸೋರಿಹೋಗದಂತೆ ಬಾಗಿಲ ಸಂದಿಗೆ ಹಳೆ ಸೀರೆ ತುರುಕುತ್ತೇವೆ. ಆದೋನಿಯ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಬರೆಯಹೊರಟಿರುವುದು ಅಂಥ ಒಂದು ಬೇಸಿಗೆಯ ಬಗ್ಗೆ. ನನ್ನ ಅಕ್ಕ ಪದ್ಮಾವತಿಗೆ ಹನ್ನೆರಡು ತುಂಬಿತ್ತು. ನನಗೆ ಎಂಟೋ ಒಂಬತ್ತೋ. ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಕಾಲೇಜಿಗೆ ಹೋದ ಮೇಲೆ. ಅದಕ್ಕಿಂತ ಹಿಂದಿನದಕ್ಕೆಲ್ಲ ನೆನಪೊಂದೇ ಆಧಾರ, ಅದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಬರೆದ ಪುಟಗಳನ್ನು ಈಗ ತೆಗೆದು ಓದಿದರೆ ತಲೆಯಲ್ಲಿರುವುದು ಒಂದು, ಹಾಳೆಯಲ್ಲಿರುವುದು ಇನ್ನೊಂದು. ಬರೆದಿಟ್ಟದ್ದರ ಗತಿಯೇ ಹೀಗಾದರೆ ಬರೆಯದೆ ಬಿಟ್ಟದ್ದರ ಗತಿ ಏನು? ಹಾಗಾಗಿ ಅಕ್ಕನನ್ನೂ ಅಮ್ಮನನ್ನೂ ಕೇಳಿಕೊಂಡು ಬರೆಯುತ್ತಿದ್ದೇನೆ. ಮೂವರ ಮಾತು ಕೂಡದ ಕಡೆ ಕೂಡಲಿಲ್ಲವೆಂದೇ ಹೇಳಿಬಿಡುತ್ತೇನೆ.

ಅಪ್ಪ ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾವಿದ್ದ ಬಾಡಿಗೆ ಮನೆಗೆ ಸಿಮೆಂಟ್ ರೇಕುಗಳ, ಅಂದರೆ ಶೀಟುಗಳ, ಚಾವಣಿ. ಮಾರ್ಚ್ ಕಳೆಯುವುದರೊಳಗೆ ಆ ಮನೆ ಹಂಚಿನಂತೆ ಕಾಯುತ್ತಿತ್ತು. ಪರೀಕ್ಷೆ ಮುಗಿದ ಮರುದಿನವೇ ಅಮ್ಮ ನಮ್ಮಿಬ್ಬರನ್ನು ಕೌತಾಳಂ ಬಸ್ಸು ಹತ್ತಿಸಿಕೊಂಡು, ಅಲ್ಲಿಂದ ಮುಂದೆ ಎತ್ತಿನ ಗಾಡಿಯೋ ಟ್ರ್ಯಾಕ್ಟರೋ ಸಿಕ್ಕಿದ್ದರಲ್ಲಿ ತವರಿಗೆ ಹೋಗಿಬಿಡುತ್ತಿದ್ದಳು. ಅಲ್ಲಿ ಅವ್ವ ಇದ್ದಳು. ಅವ್ವ ಎಂದರೆ ನಮ್ಮಲ್ಲಿ ಅಮ್ಮನ ತಾಯಿ. ಅಮ್ಮನ ತಮ್ಮ ಈರಣ್ಣ ಮಾಮ, ಅವನ ಮಗ ಮಲ್ಲ ಇದ್ದರು. ಅತ್ತೆ ಆ ವರ್ಷ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಆದ್ದರಿಂದ ಅಡುಗೆಮನೆ ಪೂರ್ತಿ ಅವ್ವನ ಕೈಯಲ್ಲಿತ್ತು. ಇದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಅವ್ವನ ಮನೆಗೆ ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲದರ ಮೇಲೆ ಒಂದು ಮೊಳ ಸವುಳು ಮಣ್ಣು. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಬೊಬ್ಬೆ ಏಳುವಾಗಲೂ ಒಳಗೆ ಬಂಡೆ ಹಾಸಿದ ನೆಲದ ಮೇಲೆ ಬರಿಮೈಯಲ್ಲಿ ಮಲಗಿದರೆ ಜೊಂಪು ಹತ್ತುತ್ತಿತ್ತು. ರಾತ್ರಿಯ ಜೋಳದ ಸಂಗಟಿ ಮುದ್ದೆಯನ್ನು ನೀರಲ್ಲಿ ನೆನೆಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ ಹುಯ್ದು ಕಿವುಚಿ, ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಕುಡಿಯುತ್ತಿದ್ದೆವು. ಮಾಧವರಂ ಕಡೆ ಹೊಳೆಯ ಮರಳಲ್ಲಿ ಬೆಳೆದ ಕರಬೂಜದ ಗಾಡಿ ಊರೊಳಗೆ ಬಂದರೆ ಅದರ ವಾಸನೆ ಗಾಡಿಗಿಂತ ಮುಂಚೆ ಬರುತ್ತಿತ್ತು. ಹೊತ್ತು ಇಳಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸುವ ಕೆಲಸ ಮಕ್ಕಳದು. ಮೊದಲ ಕೊಡದ ನೀರು ಬಿದ್ದ ಕೂಡಲೇ ಮಣ್ಣಿನಿಂದ ಬಿಸಿ ಉಸಿರು ಏಳುತ್ತಿತ್ತು. ಎರಡನೆಯ ಕೊಡಕ್ಕೆ ಕಾಲಿಗೆ ತಂಪು ಹತ್ತುತ್ತಿತ್ತು.

ಆದರೆ ನಾವು ಕಾದಿರುತ್ತಿದ್ದುದು ಬಾವಿಗೆ. ಊರಿಗೆ ಸ್ವಲ್ಪ ದೂರ, ಮಾಮನ ಹೊಲದಲ್ಲಿ ಹಳೆಯ ಕಲ್ಲು ಕಟ್ಟಡದ ದೊಡ್ಡ ಬಾವಿ. ಒಂದು ಮಗ್ಗುಲಿಗೆ ನೀರಿನ ತನಕ ಮೆಟ್ಟಿಲು, ಎದುರು ಗೋಡೆಯಲ್ಲಿ ಹೊರಕ್ಕೆ ಚಾಚಿದ ಒಂದು ಅಗಲವಾದ ಕಲ್ಲು. ಮೇಲೆ ದಂಡೆಯಲ್ಲಿ ಡೀಸೆಲ್ ಎಂಜಿನ್. ಮೆಟ್ಟಿಲಿನಿಂದ ಆ ಕಲ್ಲಿನ ತನಕ ಏನನ್ನೂ ಕಟ್ಟಿಕೊಳ್ಳದೆ ಈಜಿದರೆ ಈಜು ಬಂದಂತೆ. ಊರಿನ ಮಕ್ಕಳಿಗೆಲ್ಲ ಅದೇ ಪರೀಕ್ಷೆ.

ಕಲಿಯುವವರಿಗೆ ಬೆಂಡು ಕಟ್ಟುತ್ತಿದ್ದರು. ಹೊಲದ ಬದುವಿನಲ್ಲಿ ಕತ್ತಾಳೆ ಹೂಬಿಟ್ಟು ಸತ್ತ ಮೇಲೆ ಅದರ ಉದ್ದನೆಯ ದಿಂಡು ಒಣಗಿ ಹತ್ತಿಯಷ್ಟು ಹಗುರಾಗುತ್ತದೆ. ಅದನ್ನು ಮೊಳದುದ್ದ ತುಂಡು ಮಾಡಿ, ಹಗ್ಗಕ್ಕೆ ಪೋಣಿಸಿ ಬೆನ್ನಿಗೆ ಬಿಗಿಯುವುದು. ಕೈಕಾಲು ಆಡಿಸುವುದು ಬಂದಂತೆ ಮಾಮ ಒಂದೊಂದೇ ತುಂಡು ಕಳಚುತ್ತಿದ್ದ. ಎಲ್ಲ ಹೋಗಿ ಹಗ್ಗ ಮಾತ್ರ ಉಳಿದ ದಿನ ನೀವು ಈಜುಗಾರರು. ಬೆಂಡಿಗೆ ಒಂದೇ ಆರೈಕೆ ಬೇಕು: ದಿನಾ ಒಣಗಬೇಕು. ಒದ್ದೆ ಉಳಿದರೆ ನೀರು ಕುಡಿದು ಭಾರವಾಗುತ್ತದೆ. ಅದಕ್ಕೇ ಬಾವಿಯಿಂದ ಬಂದ ಕೂಡಲೇ ಅವುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದೆವು.

ನನ್ನ ಹಗ್ಗ ಹಿಂದಿನ ವರ್ಷವೇ ಬರಿದಾಗಿತ್ತು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಹೆದರುವಷ್ಟು ಬುದ್ಧಿ ಬಂದಿರಲಿಲ್ಲ ಅಷ್ಟೆ. ಅಕ್ಕ ಮಾತ್ರ ಎರಡು ತುಂಡಿನ ಹತ್ತಿರ ನಿಂತುಬಿಟ್ಟಿದ್ದಳು. ಯಾವುದೋ ವರ್ಷ ಮೆಟ್ಟಿಲಿನಿಂದ ಜಾರಿ ನೀರು ಕುಡಿದಿದ್ದಳು, ಅಂದಿನಿಂದ ಕೊನೆಯ ಎರಡು ತುಂಡಿಗೆ ಮಾಮ ಕೈ ಹಾಕಿದರೆ ಸಾಕು, ಮೆಟ್ಟಿಲು ಹತ್ತಿ ಮನೆಗೆ ಹೊರಟುಬಿಡುತ್ತಿದ್ದಳು. ಮಲ್ಲ ತೆಲುಗು ಶಾಲೆಯ ಹುಡುಗ, ಎರಡಕ್ಕೆ ರೆಂಡು ಎನ್ನುವವನು. ಅವಳು ನೀರಿಗೆ ಇಳಿದಾಗಲೆಲ್ಲ ಮೇಲಿನಿಂದ “ರೆಂಡು ಬೆಂಡು ಪದ್ದಕ್ಕಾ, ರೆಂಡು ಬೆಂಡು ಪದ್ದಕ್ಕಾ” ಎಂದು ರಾಗ ಎಳೆಯುತ್ತಿದ್ದ. ನಾನೂ ಅವನ ಜೊತೆ ಎಳೆದಿರಬೇಕು. ಅಕ್ಕ ಎಳೆದೆ ಎನ್ನುತ್ತಾಳೆ.

ಆ ವರ್ಷ ನಾವು ಹೋದ ಮೊದಲ ವಾರವೇ ಅವ್ವ ಅಕ್ಕನ ತಲೆಗೆ ಎಣ್ಣೆ ತಿಕ್ಕುತ್ತಾ, ಯಾರಿಗೆ ಎಂದಿಲ್ಲದಂತೆ ಹೇಳಿದಳು:

“ಈ ವರ್ಷನೇ ಕಡೀದು. ಬರೋ ವರ್ಷ ಈಕಿ ಬಾವಿಗೆ ಇಳಿಯಂಗಿಲ್ಲ. ಕಲ್ತರ ಕಲೀಲಿ, ಇಲ್ಲಂದ್ರ ಬಿಡ್ಲಿ.”

ಯಾಕೆಂದು ಯಾರೂ ಕೇಳಲಿಲ್ಲ. ದೊಡ್ಡವಳಾದ ಹುಡುಗಿ ಬಾವಿಗಿಳಿಯುವುದು ಆ ಊರಲ್ಲಿ ಇರಲಿಲ್ಲ. ಗಂಡಸರು ಈಜುವ ನೀರು, ದಂಡೆಯ ಮೇಲೇ ಹಾದುಹೋಗುವ ದಾರಿ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದಳು.

ಆ ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸುವಾಗ ಅಕ್ಕ ನನ್ನನ್ನು ಕೇಳಿದಳು, “ಕಲೀದಿದ್ರ ಏನಾಗ್ತೈತಿ?”

“ಏನೂ ಆಗಂಗಿಲ್ಲ,” ಎಂದೆ.

“ಅದಾ ಅಲ್ಲೇನು ಮತ್ತ. ಏನೂ ಆಗಂಗಿಲ್ಲ.”

ಈ ಮಾತು ನನಗೆ ಆಗ ಅರ್ಥವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮರುದಿನದಿಂದ ಅಕ್ಕ ನಮಗಿಂತ ಮೊದಲು ಬಾವಿಗೆ ಹೋಗುತ್ತಿದ್ದುದು ನೆನಪಿದೆ. ಎರಡು ತುಂಡು ಬಿಗಿದುಕೊಂಡು ಮೆಟ್ಟಿಲಿಗೂ ಕಲ್ಲಿಗೂ ಹೋಗಿ ಬಂದು ಮಾಡುತ್ತಿದ್ದಳು. ಒಂದು ದಿನ ತಾನೇ ಮಾಮನ ಮುಂದೆ ಬೆನ್ನು ಮಾಡಿ ನಿಂತು ಒಂದು ತುಂಡು ತೆಗೆಯೆಂದಳು. ಅವನು ಗಂಟು ಸಡಿಲಿಸುವುದರೊಳಗೆ ಬೇಡವೆಂದು ಕೂಗಿದಳು. ಮಾಮ ಸಿಟ್ಟಾಗುವವನಲ್ಲ. ನಾಳೆ ನೋಡೋಣ ಎಂದ. ಅಪ್ಪನಿಗೆ ಸ್ವಂತ ಅಡುಗೆ ಸಾಕಾಗಿತ್ತು, ಬರುವ ಭಾನುವಾರ ನಮ್ಮನ್ನು ಕರೆದೊಯ್ಯುತ್ತೇನೆಂದು ಹೇಳಿಕಳಿಸಿದ್ದ. ನಾಳೆಗಳು ಹೆಚ್ಚು ಉಳಿದಿರಲಿಲ್ಲ.

ಅಷ್ಟರಲ್ಲಿ ಅವ್ವ ಸಂಡಿಗೆ ಹಾಕುವ ದಿನ ಬಂತು. ಮಾಳಿಗೆ ಒಂದು, ಅದನ್ನು ಬೇಡುವವರು ಇಬ್ಬರು: ರಾತ್ರಿ ಮಲಗುವ ನಾವು, ಹಗಲು ಒಣಗುವ ಸಂಡಿಗೆ. ಬಿಸಿಲು ಏರುವ ಮೊದಲೇ ಹಿಟ್ಟು ಕುದಿಸಿ ಮೇಲೆ ಒಯ್ದು ಬಟ್ಟೆಯ ಮೇಲೆ ಇಡಬೇಕು. ಅವ್ವ ನಸುಕಿನಲ್ಲೇ ನಮ್ಮನ್ನು ಎಬ್ಬಿಸಿ ಚಾಪೆ ಎತ್ತಿಸಿ, ಮಾಳಿಗೆ ಗುಡಿಸಿದಳು. ಗುಡಿಸಿದ್ದರಲ್ಲಿ ಬೇವಿನ ಕಡ್ಡಿ, ಹಳೆ ಹತ್ತಿಕಟ್ಟಿಗೆಯ ಜೊತೆ ಹಗ್ಗ ಬಿಚ್ಚಿ ಒಣಹಾಕಿದ್ದ ಬೆಂಡುಗಳೂ ಅಂಗಳಕ್ಕೆ ಬಿದ್ದವು. ಹಿಟ್ಟು ಬೇಗ ಕುದಿಯಬೇಕಿತ್ತು, ಬೆಂಕಿ ಹತ್ತುತ್ತಿರಲಿಲ್ಲ. ಒಣಗಿದ ಕತ್ತಾಳೆ ಬೆಂಡಿಗೆ ಬೆಂಕಿ ತಾಗಿದರೆ ಅದು ಉರಿಯಿತೆನ್ನುವಷ್ಟರಲ್ಲಿ ಮುಗಿದಿರುತ್ತದೆ.

ನಾವು ಮುಖ ತೊಳೆದು ಬರುವಾಗ ಸಂಡಿಗೆ ಹಿಟ್ಟು ಕೊತಕೊತ ಕುದಿಯುತ್ತಿತ್ತು. ಅಕ್ಕ ಮೊದಲು ಮಾಳಿಗೆಗೆ ಹೋಗಿ ನೋಡಿದಳು, ಆಮೇಲೆ ಒಲೆಯನ್ನು ನೋಡಿದಳು. ಒಲೆಯ ಬಾಯಲ್ಲಿ ಬೆಂಡಿನ ಒಂದು ತುದಿ ಇನ್ನೂ ಕೆಂಪಗಿತ್ತು.

“ಒಲಿ ಪುಳ್ಳಿ ಅಂದ್ಕಂಡೆ,” ಎಂದಳು ಅವ್ವ. “ಬೆಂಡು ಅಂತ ಅದರ ಮ್ಯಾಲೆ ಬರದಿತ್ತೇನು?”

ಅವ್ವನಿಗೆ ಆಗಲೇ ಕಣ್ಣಿನ ಪೊರೆ ಬಂದಿತ್ತು, ನಸುಕಿನಲ್ಲಿ ಕಡ್ಡಿಗೂ ಬೆಂಡಿಗೂ ಭೇದ ತಿಳಿಯುವಂತಿರಲಿಲ್ಲ ಎನ್ನುತ್ತಾಳೆ ಅಮ್ಮ. ಅಕ್ಕ ಇವತ್ತಿಗೂ ಒಪ್ಪುವುದಿಲ್ಲ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲದ್ದು ಬೆಂಡು, ಕುರುಡರಿಗೂ ತಿಳಿಯುತ್ತದೆ ಎನ್ನುತ್ತಾಳೆ. ನಾನು ಯಾರ ಕಡೆ ಎಂದು ತೀರ್ಮಾನಿಸಲು ನನಗೆ ಸಾಧ್ಯವಾಗಿಲ್ಲ. ಸಂಡಿಗೆ ಮಾತ್ರ ಆ ವರ್ಷ ಚೆನ್ನಾಗಿ ಬಂದಿದ್ದವು.

ಮಾಮ ಬದುವಿನ ತುಂಬ ಹುಡುಕಿದ. ನಿಂತಿದ್ದ ಕತ್ತಾಳೆಗಳೆಲ್ಲ ಹಸಿ, ಕಡಿದರೆ ಒಣಗಲು ತಿಂಗಳು ಬೇಕು. ಕೊನೆಗೆ ಅಕ್ಕನ ಬೆನ್ನಿಗೆ ಖಾಲಿ ಡೀಸೆಲ್ ಕ್ಯಾನು ಕಟ್ಟಿದ. ಕ್ಯಾನು ಉರುಳಿ ಹೊಟ್ಟೆಯ ಕೆಳಗೆ ಬಂದು ಅವಳನ್ನು ಮಗುಚಿ ಹಾಕಿತು. ಅವಳು ಕೆಮ್ಮುತ್ತಾ ಮೆಟ್ಟಿಲಿಗೆ ಬಂದಾಗ ಮೈಯೆಲ್ಲ ಡೀಸೆಲ್ ವಾಸನೆ. ಮಲ್ಲ ಕೂಡ ನಗಲಿಲ್ಲ. ಆ ಮಧ್ಯಾಹ್ನವೇ ಎಂಜಿನ್ ಕೆಟ್ಟು ನಿಂತಿತು. ಮರುದಿನ ಬೆಳಿಗ್ಗೆ ಮಾಮ ಅದರ ಯಾವುದೋ ಭಾಗವನ್ನು ಬಿಚ್ಚಿಕೊಂಡು ಮಲ್ಲನನ್ನೂ ಕರೆದುಕೊಂಡು ಆದೋನಿಗೆ ಹೋದ. ಎಂಜಿನ್ನಿನ ಮೇಲೆ ಒಂದು ಗೋಣಿಚೀಲ ಹೊದಿಸಿ ಹೋಗಿದ್ದ. ರಿಪೇರಿಯಾಗುವ ತನಕ ಅಲ್ಲೇ ಇದ್ದ.

ನೀರೆತ್ತುವುದು ನಿಂತದ್ದರಿಂದ ಬಾವಿಯಲ್ಲಿ ನೀರು ಏರಿತು. ಮೆಟ್ಟಿಲುಗಳು ಒಂದೊಂದಾಗಿ ಮುಳುಗಿದವು.

ಅವತ್ತು ಊಟವಾಗಿ ಊರೆಲ್ಲ ಬಾಗಿಲು ಮುಂದೆ ಮಾಡಿ ಮಲಗಿದ್ದ ಹೊತ್ತು. ನಾನೂ ಬಂಡೆಯ ಮೇಲೆ ಮಲಗಿದ್ದೆ. ಅಮ್ಮ ಕಾಲಿನಿಂದ ನನ್ನನ್ನು ತಟ್ಟಿ, “ಟವಲ್ ತಗೊ. ಪದ್ದಿನ ಕರಿ,” ಎಂದಳು.

ಬಿಸಿಲಿನಲ್ಲಿ ಮೂವರೂ ಹೊಲಕ್ಕೆ ನಡೆದೆವು. ಬಾವಿಯ ಮೆಟ್ಟಿಲು ಇಳಿದು ಅಮ್ಮ ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಸೀರೆಯ ನೆರಿಗೆಯನ್ನು ಹಿಂದಕ್ಕೆಳೆದು ಕಚ್ಚೆ ಹಾಕಿದಳು. ಅಕ್ಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

“ನಿನಗ ಈಜು ಬರ್ತೈತಾ?”

“ಬರ್ತಿತ್ತು,” ಎಂದಳು ಅಮ್ಮ. “ಈಗ ಬರ್ತೈತೋ ಇಲ್ಲೋ ನೋಡಾಣು.”

ನೀರಿಗೆ ಇಳಿದದ್ದು ತಿಳಿಯಲೇ ಇಲ್ಲ, ಸದ್ದಿರಲಿಲ್ಲ. ಮಾಮ ಈಜಿದರೆ ಬಾವಿಯ ಗೋಡೆಗೆಲ್ಲ ನೀರು ರಾಚುತ್ತಿತ್ತು. ಅಮ್ಮನ ಕೈಗಳು ನೀರಿನಿಂದ ಹೊರಗೆ ಬರಲೇ ಇಲ್ಲ. ತಲೆಯೊಂದು ಮಾತ್ರ ತೇಲಿಕೊಂಡು ಎದುರಿನ ಕಲ್ಲಿಗೆ ಹೋಯಿತು, ಅಲ್ಲಿ ಒಂದು ಗಳಿಗೆ ನಿಂತು ತಿರುಗಿ ಬಂತು. ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತಾ, ಕಣ್ಣಿನ ನೀರು ಒರೆಸಿಕೊಳ್ಳುತ್ತಾ ಅಮ್ಮ ಅಂದದ್ದು ಒಂದೇ ಮಾತು: “ಮರ್ತಿಲ್ಲ.”

ನನ್ನ ಅಮ್ಮನಿಗೆ ಆಗ ಎಷ್ಟು ವಯಸ್ಸಿರಬೇಕೆಂದು ಈಗ ಎಣಿಸಿದರೆ ನಾಚಿಕೆಯಾಗುತ್ತದೆ, ಇವತ್ತಿನ ನನಗಿಂತ ಎಷ್ಟೋ ಚಿಕ್ಕವಳು. ನೀರಿನಲ್ಲಿ ಅವಳನ್ನು ನೋಡುವ ತನಕ ಅವಳೂ ಒಂದು ಕಾಲಕ್ಕೆ ಆ ಕಲ್ಲಿನ ತನಕ ಹೋಗಿ ಪಾಸಾದವಳು ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಅಮ್ಮ ಅಕ್ಕನಿಗೆ ಈಜು ಹೇಳಿಕೊಡಲು ಶುರು ಮಾಡಿದ್ದು ಮಲಗುವುದರಿಂದ. ಮುಳುಗಿದ ಮೆಟ್ಟಿಲ ಮೇಲೆ ನಿಂತು, ಎರಡೂ ಕೈ ಚಾಚಿ ಅಂಗಾತ ಮಲಗು ಎಂದಳು. ಅಕ್ಕ ಮೈ ಬಿಗಿ ಹಿಡಿದು ಮುಳುಗಿದಳು. ಮತ್ತೆ ಮಲಗಿಸಿದಳು, ಮತ್ತೆ ಮುಳುಗಿದಳು.

“ಮಾಳಗಿ ಮ್ಯಾಲೆ ಹೆಂಗ ಮಲಗ್ತಿ? ಹಂಗ ಮಲಕ್ಕೊ.”

“ಮಾಳಗಿ ಗಟ್ಟಿ ಐತಿ.”

“ನನ್ನ ಕೈಯೂ ಗಟ್ಟಿ ಐತಿ.”

ಎಷ್ಟೋ ಹೊತ್ತಿನ ಮೇಲೆ ಅಕ್ಕನ ಕುತ್ತಿಗೆ ಸಡಿಲವಾಯಿತು. ಕಿವಿ ನೀರೊಳಗೆ ಹೋಯಿತು. ಬಾವಿಯ ದುಂಡನೆಯ ಬಾಯಿಯ ಮೇಲಿದ್ದ ಆಕಾಶವನ್ನು ನೋಡುತ್ತಾ ಅವಳು ಮಲಗಿದಳು. ಅಮ್ಮ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು. ತೆಗೆದದ್ದು ನನಗೆ ಕಂಡಿತು. ಅಕ್ಕನಿಗೆ ತಿಳಿಯಲಿಲ್ಲ.

ಹೀಗೆ ಎರಡು ದಿನ ಮಧ್ಯಾಹ್ನ ಹೋದೆವೆಂದು ನನ್ನ ನೆನಪು. ಅಕ್ಕ ಮೂರು ಎನ್ನುತ್ತಾಳೆ, ಅಮ್ಮನಿಗೆ ಒಂದೇ ದಿನದ್ದು ನೆನಪಿದೆ. ಕೊನೆಯ ದಿನ ಅಮ್ಮ ಎದುರಿನ ಕಲ್ಲಿಗೆ ಹೋಗಿ ಕುಳಿತು, ಬಾ ಎಂದಳು. ನಾನು ಮೆಟ್ಟಿಲ ಮೇಲೆ ಓಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದೆ. ಬೆನ್ನಿನ ಮೇಲೆ ಏನೂ ಇಲ್ಲದ ಅಕ್ಕ ಮೆಟ್ಟಿಲು ಬಿಟ್ಟಳು. ನಡುವಿಗೆ ಬಂದಾಗ ಕಾಲು ಆಡಿಸುವುದು ನಿಂತಿತು. ಗಲ್ಲ ನೀರಿಗೆ ಇಳಿಯಿತು.

“ಅಮ್ಮಾ.”

“ನಾನು ಬರಂಗಿಲ್ಲ,” ಎಂದಳು ಅಮ್ಮ ಕುಳಿತಲ್ಲಿಂದಲೇ. “ಇತ್ತ ಬಾ.”

ಅಕ್ಕ ಹಿಂದಕ್ಕೆ, ನನ್ನ ಕಡೆ ತಿರುಗಿ ನೋಡಿದಳು. ಎರಡೂ ಅಷ್ಟೇ ದೂರ. ಆಮೇಲೆ ಅವಳು ಅಮ್ಮನ ಕಡೆ ಹೋದಳು, ನಾಯಿಯಂತೆ ತಲೆಯೆತ್ತಿಕೊಂಡು, ಸದ್ದು ಮಾಡಿಕೊಂಡು, ಅಂದವಿಲ್ಲದೆ ಹೋಗಿ ಕಲ್ಲಿಗೆ ಕೈ ಹಾಕಿದಳು. ಅಮ್ಮ ಅವಳ ಜಡೆ ಹಿಡಿದು ಮೇಲಕ್ಕೆ ಎಳೆದುಕೊಂಡಳು.

ಇಲ್ಲಿ ನಮ್ಮ ಮಾತು ಕೂಡುವುದಿಲ್ಲ. ನಡುವಿನಿಂದ ಅಮ್ಮನ ಕೈ ತನ್ನ ಹೊಟ್ಟೆಯ ಕೆಳಗಿತ್ತು, ಅವಳು ಧುಮುಕಿ ಬಂದಿದ್ದಳು ಎನ್ನುತ್ತಾಳೆ ಅಕ್ಕ. ತಾನು ಕಲ್ಲು ಬಿಟ್ಟು ಅಲ್ಲಾಡಲಿಲ್ಲ ಎನ್ನುತ್ತಾಳೆ ಅಮ್ಮ. ನಾನು ಕಂಡದ್ದು ಅಮ್ಮನ ಮಾತಿನಂತೆಯೇ ಇದೆ. ಆದರೆ ನಾನು ಕಂಡದ್ದೋ, ಅಮ್ಮನ ಮಾತನ್ನು ಅಷ್ಟು ವರ್ಷ ಕೇಳಿ ಕಂಡಂತೆ ಆದದ್ದೋ ಗೊತ್ತಿಲ್ಲ.

ಇನ್ನೊಂದಿದೆ. ಅಕ್ಕ ಕಲ್ಲು ಮುಟ್ಟಿದಾಗ ನಾನು ಮೇಲೆ ನೋಡಿದೆ. ಬಾವಿಯ ದಂಡೆಯಲ್ಲಿ ಅವ್ವ ತಲೆಯ ಮೇಲೆ ಸೆರಗು ಹೊದ್ದು, ನಮಗೆ ಬೆನ್ನು ಮಾಡಿ, ದಾರಿಯ ಕಡೆ ಮುಖ ಮಾಡಿ ಕುಳಿತಿದ್ದಳು. “ಯಾರಾನ ಬಂದಾರು, ಲಗೂನ ಮುಗಸ್ರಿ,” ಎಂದಳು. ನಾನು ಹೀಗೆ ಹೇಳಿದರೆ ಅಕ್ಕ ನಗುತ್ತಾಳೆ.

“ಅದು ಎಂಜಿನ್ನಿಗೆ ಹೊದಿಸಿದ ಗೋಣಿಚೀಲ ಬಿಡೇ.”

ಗೋಣಿಚೀಲ ಮಾತಾಡುವುದಿಲ್ಲ ಎಂದರೆ, ಮಾತಾಡಿದವಳು ಅಮ್ಮ ಎನ್ನುತ್ತಾಳೆ. ಅಮ್ಮನನ್ನು ಕೇಳಿದೆ. ಅಮ್ಮ, ತನ್ನ ತಾಯಿ ಆ ಬಿಸಿಲಿಗೆ ಅಷ್ಟು ದೂರ ನಡೆದು ಬರುವವಳಲ್ಲ ಎಂದಳು. ಆಮೇಲೆ, ಬಂದರೆ ಬಂದಿರಲೂಬಹುದು ಎಂದಳು. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಬೆಂಡನ್ನು ತಿಳಿದೇ ಒಲೆಗೆ ಹಾಕಿದ್ದರೆ ದಂಡೆಗೆ ಬಂದು ಯಾಕೆ ಕಾಯುತ್ತಿದ್ದಳು? ತಿಳಿಯದೆ ಹಾಕಿದ್ದರೆ ಬಂದಿರಬಹುದು. ಅವಳು ಬಂದಿದ್ದಳೆಂದು ನಂಬಲು ನನಗೆ ಇಷ್ಟ. ನನಗೆ ಇಷ್ಟ ಎಂಬ ಕಾರಣಕ್ಕೇ ಅದನ್ನು ಪೂರ್ತಿ ನಂಬಲಾರೆ.

ಶನಿವಾರ ಮಾಮ ಎಂಜಿನ್ನಿನ ಭಾಗ ಹಿಡಿದು ಬಂದ. ಸಂಜೆ ಎಲ್ಲರೂ ಬಾವಿಗೆ ಹೋದೆವು. ಮಲ್ಲ ದಂಡೆಯ ಮೇಲೆ ನಿಂತು ತನ್ನ ರಾಗ ತೆಗೆಯುವಷ್ಟರಲ್ಲಿ ಅಕ್ಕ ಮೆಟ್ಟಿಲು ಬಿಟ್ಟು ಕಲ್ಲಿನ ತನಕ ಹೋಗಿಬಿಟ್ಟಿದ್ದಳು. ಅವನ ರಾಗ ಅರ್ಧಕ್ಕೆ ನಿಂತಿತು.

“ಯಾರು ಕಲಿಸಿದ್ರು?” ಎಂದ ಮಾಮ.

“ಯಾರೂ ಇಲ್ಲ. ಬೆಂಡು ಸುಟ್ಟುಹೋದ್ವಲ್ಲ, ಮತ್ತೇನು ಮಾಡ್ಲಿ?”

ಮಾಮ ಅಮ್ಮನ ಕಡೆ ನೋಡಿದ. ಅಮ್ಮ ದಂಡೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮರುದಿನ ಅಪ್ಪ ಬಂದ.

ಅದಾದ ಮೇಲಿನ ಬೇಸಿಗೆಗೆ ಅಕ್ಕ ದೊಡ್ಡವಳಾಗಿದ್ದಳು. ನಾವು ಈಜುವಾಗ ಅವಳು ಮೇಲಿನ ಮೆಟ್ಟಿಲ ಮೇಲೆ ನಮ್ಮ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಒಂದೆರಡು ವರ್ಷಕ್ಕೆ ನಾನೂ ಅವಳ ಪಕ್ಕ ಕುಳಿತೆ. ಅಮ್ಮ ಮತ್ತೆ ಬಾವಿಗೆ ಇಳಿದದ್ದನ್ನು ನಾನು ನೋಡಿಲ್ಲ. ಸುತ್ತ ಬೋರುಗಳು ಬಿದ್ದ ಮೇಲೆ ನೀರು ಮೊದಲು ಮೆಟ್ಟಿಲು ಬಿಟ್ಟಿತು, ಆಮೇಲೆ ಕಲ್ಲು ಬಿಟ್ಟಿತು, ಆಮೇಲೆ ಬಾವಿಯನ್ನೇ ಬಿಟ್ಟಿತು. ಈಗ ಅದರೊಳಗೆ ಜಾಲಿ ಬೆಳೆದು ಅದರ ತಲೆ ದಂಡೆಯಿಂದ ಹೊರಗೆ ಕಾಣುತ್ತದೆ. ಎದುರಿನ ಕಲ್ಲು ಹಾಗೇ ಇದೆ. ಅದು ತಳದಿಂದ ಇಷ್ಟು ಎತ್ತರದಲ್ಲಿತ್ತೇ ಎಂದು ಆಶ್ಚರ್ಯವಾಗುತ್ತದೆ, ಏಕೆಂದರೆ ನಾವು ಅದರ ಕೆಳಗೆ ನೀರನ್ನು ಬಿಟ್ಟು ಬೇರೇನನ್ನೂ ನೋಡಿದವರೇ ಅಲ್ಲ.

ಅವ್ವನ ಮನೆಗೆ ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಬಂದಿದೆ. ರಾತ್ರಿಯಾದರೂ ಅದರ ಕಾವು ಇಳಿಯುವುದಿಲ್ಲ, ಮೇಲೆ ಯಾರೂ ಮಲಗುವುದಿಲ್ಲ. ಮಲ್ಲನ ಮಕ್ಕಳು ಒಳಗೆ ಕೂಲರ್ ಹಾಕಿಕೊಂಡು ಮೊಬೈಲ್ ನೋಡುತ್ತಾರೆ. ಅವರನ್ನು ದೂರುವುದಿಲ್ಲ. ಹೊರಗೆ ಬಾ ಎಂದು ಕರೆಯಲು ಹೊರಗೆ ನಾವೇನು ಉಳಿಸಿದ್ದೇವೆ?

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಕಾರು ತಂದಿದ್ದ. ಅಮ್ಮ, ಅಕ್ಕ, ನಾನು ಮಂತ್ರಾಲಯಕ್ಕೆ ಹೋಗಿ ಬರುವಾಗ ಮಾಧವರಂ ಹತ್ತಿರ ಹೊಳೆಗೆ ಇಳಿದೆವು. ಅಗಲವೆಲ್ಲ ಮರಳು ಮತ್ತು ಬಂಡೆ, ಬಂಡೆಗಳ ನಡುವೆ ಒಂದು ಕಡೆ ನೀರು ನಿಂತಿತ್ತು. ಸುತ್ತ ಯಾರೂ ಇರಲಿಲ್ಲ. ಹುಡುಗ ಕಾರಿನಲ್ಲೇ ಕುಳಿತಿದ್ದ. ಅಮ್ಮನಿಗೆ ಮೊಣಕಾಲು ನೋವು, ಅವಳು ಬಂಡೆಯ ಮೇಲೆ ಕುಳಿತು ಪಾದ ಮಾತ್ರ ನೀರಿಗೆ ಬಿಟ್ಟಳು. ಅಕ್ಕ ಸೀರೆ ಎತ್ತಿಕೊಂಡು ಒಳಗೆ ನಡೆದಳು. ನಡುಮಧ್ಯಕ್ಕೆ ಹೋದಳು. ನೀರು ಮೊಣಕಾಲಿಗೆ ಬಂತು, ಅದಕ್ಕಿಂತ ಮೇಲೆ ಬರಲಿಲ್ಲ. ಅಲ್ಲೇ ನಿಂತು ಬಗ್ಗಿ ಎರಡೂ ಕೈಯನ್ನು ನೀರೊಳಗೆ ಅತ್ತಿತ್ತ ಆಡಿಸಿದಳು.

“ಬರ್ತೈತೇನು ಇನ್ನಾ?” ಎಂದು ಕೇಳಿದಳು ಅಮ್ಮ.

ಅಕ್ಕ ಸುತ್ತ ನೋಡಿದಳು. ಇನ್ನೂ ಆಳದ ಜಾಗವೇನಾದರೂ ಇದೆಯೇ ಎಂದು ಹುಡುಕಿದಂತಿತ್ತು.

“ಇಷ್ಟು ನೀರಿನಾಗ ಗೊತ್ತಾಗಂಗಿಲ್ಲ ಬಿಡು,” ಎಂದಳು.